ಮೇಲಿನ ಡಿವಿಷನ್‌ಗೆ ನಮ್ಮ ಕ್ಲಬ್ ರೆಡಿನಾ? ಮಂಗಳವಾರದ ಪಂದ್ಯದ ಲೆಕ್ಕ ಮೊದಲು ಹಾಕೋಣ

ಮಾರಿಕುಪ್ಪಂ ಲೋಕಲ್

ಎಲ್ಲರಿಗೂ ನಮಸ್ಕಾರ. ಪಾಯಿಂಟ್ಸ್ ಟೇಬಲ್ ನೀವೂ ನೋಡಿರುತ್ತೀರಿ. ಉಳಿದ ಪಂದ್ಯಗಳಲ್ಲಿ ಎಡವದಿದ್ದರೆ ನಮ್ಮ ಕೆಜಿಎಫ್ ಹುಡುಗರು ಬೆಂಗಳೂರಿನ ಫುಟ್‌ಬಾಲ್ ಲೀಗ್‌ನಲ್ಲಿ ಒಂದು ಡಿವಿಷನ್ ಮೇಲೆ ಹೋಗುತ್ತಾರೆ. ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಸಂಭ್ರಮ ಶುರುವಾಗಿದೆ. ಹೊಸ ಜೆರ್ಸಿಗೆ ಯಾವ ಬಣ್ಣ ಅಂತ ಚರ್ಚೆ ನಡೀತಿದೆ. ನನಗೂ ಖುಷಿಯೇ. ಈ ಟೀಮಿನ ಕಿಟ್ ಬ್ಯಾಗ್ ಹೊತ್ತುಕೊಂಡು ರೈಲು ಹತ್ತುವವನು ನಾನು, ಖುಷಿ ಇಲ್ಲದೆ ಇರುತ್ತಾ?

ಆದರೆ ಒಂದು ಪ್ರಶ್ನೆಯನ್ನ ಯಾರೂ ಎತ್ತುತ್ತಿಲ್ಲ. ಮಂಗಳವಾರ ಮಧ್ಯಾಹ್ನ ಬೆಂಗಳೂರಲ್ಲಿ ಪಂದ್ಯ ಇದ್ದರೆ ನಮ್ಮ ಕಡೆಯಿಂದ ಎಷ್ಟು ಜನ ಬರುತ್ತಾರೆ?

ಭಾನುವಾರದ ನಮ್ಮ ಟೀಮ್ ಒಂದು, ವಾರದ ದಿನದ ಟೀಮ್ ಇನ್ನೊಂದು. ಭಾನುವಾರ ಬೆಂಚ್ ತುಂಬಿರುತ್ತದೆ, ಯಾರನ್ನ ಬಿಡೋದು ಅಂತ ಕೋಚ್ ತಲೆ ಕೆಡಿಸಿಕೊಳ್ಳುತ್ತಾರೆ. ವಾರದ ದಿನ ಬಂತು ಅಂದರೆ ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಇರುವವರು ಇಲ್ಲ, ವೇಮಗಲ್ ಕಡೆ ಕೆಲಸಕ್ಕೆ ಹೋಗುವವರು ಇಲ್ಲ, ಕಾಲೇಜು ಹುಡುಗರಿಗೆ ಇಂಟರ್ನಲ್ ಪರೀಕ್ಷೆ. ಹಿಂದಿನ ಸಲ ವಾರದ ದಿನ ಆಡಿದ ಪಂದ್ಯದಲ್ಲಿ ಆದದ್ದನ್ನ ಹೇಳುತ್ತೇನೆ. ಸೆಕೆಂಡ್ ಹಾಫಲ್ಲಿ ನಮ್ಮ ರೈಟ್ ವಿಂಗರ್‌ಗೆ ಮೀನಖಂಡ ಹಿಡಿದುಕೊಂಡಿತು. ಬೆಂಚಲ್ಲಿ ಉಳಿದಿದ್ದು ರಿಸರ್ವ್ ಕೀಪರ್ ಒಬ್ಬನೇ. ಬ್ಯಾಗಲ್ಲಿ ಇದ್ದ ಜೆರ್ಸಿಯ ನಂಬರ್ ಆಗಲೇ ಇನ್ನೊಬ್ಬನ ಮೈಮೇಲಿತ್ತು. ಹಿಂದೆ ಬಿಳಿ ಟೇಪ್ ಅಂಟಿಸಿ, ಸ್ಕೆಚ್ ಪೆನ್ನಲ್ಲಿ ಹೊಸ ನಂಬರ್ ಬರೆದು, ರೆಫರಿಗೆ ತೋರಿಸಿ ಅವನನ್ನ ವಿಂಗ್‌ಗೆ ಇಳಿಸಿದೆವು. ಪಾಪ, ಹುಡುಗ ಪ್ರಾಣ ಕೊಟ್ಟು ಓಡಿದ. ಗೆದ್ದೆವು ಕೂಡ. ಆದರೆ ಎದುರು ಟೀಮ್ ಸ್ವಲ್ಪ ಗಟ್ಟಿ ಇದ್ದಿದ್ದರೆ ಆ ಕಡೆಯಿಂದಲೇ ಮೂರು ಗೋಲು ಹೊಡೆಸಿಕೊಳ್ಳುತ್ತಿದ್ದೆವು.

ಮೇಲೆ ಹೋದರೆ ಟೀಮುಗಳು ಗಟ್ಟಿ, ಪಂದ್ಯಗಳೂ ಜಾಸ್ತಿ, ನಡುವೆ ಬಿಡುವು ಕಡಿಮೆ. ಹೋಗೋದು ಬೇಡ ಅಂತ ನಾನು ಹೇಳುತ್ತಿಲ್ಲ. ಆಡುವ ಹನ್ನೊಂದು ಜನ ರೆಡಿ ಇದ್ದಾರೆ. ಕ್ಲಬ್ ರೆಡಿನಾ? ಎಲ್ಲರೂ ಮನಸ್ಸು ಬಿಚ್ಚಿ ಬರೆಯಿರಿ.

ರಾಬರ್ಟ್‌ಸನ್‌ಪೇಟೆ ಹತ್ತು

ಅಣ್ಣಾ, ನೀವು ಹೇಳಿದ್ದೆಲ್ಲ ಸರಿ. ಆದರೆ ಪೂರ್ತಿ ರೆಡಿ ಆಗಿ ಮೇಲೆ ಹೋದ ಚಿಕ್ಕ ಕ್ಲಬ್ ಯಾವುದಿದೆ ಹೇಳಿ? ಮಿಜೋರಾಂನ ಐಜ್ವಾಲ್ ಎಫ್‌ಸಿ ನೋಡಿ. 2015-16ರಲ್ಲಿ ರಾಷ್ಟ್ರೀಯ ಮಟ್ಟದ ಐ-ಲೀಗ್‌ಗೆ ಬಂದರು, ಅದೇ ವರ್ಷ ಕೆಳಗೆ ಬಿದ್ದರು. ಗೋವಾದ ಕ್ಲಬ್‌ಗಳು ಲೀಗ್ ಬಿಟ್ಟವು ಅಂತ ಅವರಿಗೆ ಮತ್ತೆ ಅವಕಾಶ ಸಿಕ್ಕಿತು. ಮುಂದಿನ ವರ್ಷ, 2017ರಲ್ಲಿ, ಮೋಹನ್ ಬಾಗಾನ್, ಬೆಂಗಳೂರು ಎಫ್‌ಸಿ ಎಲ್ಲರನ್ನೂ ಹಿಂದೆ ಹಾಕಿ ಚಾಂಪಿಯನ್ ಆದರು! ಮೊದಲ ವರ್ಷವೇ "ನಮ್ಮ ಕೈಲಿ ಆಗಲ್ಲ" ಅಂತ ಕೂತಿದ್ದರೆ ಆ ಕಪ್ ಬರುತ್ತಿತ್ತಾ?

ನಮ್ಮ ಸ್ಟ್ರೈಕರ್‌ನ ವಯಸ್ಸು ನೋಡಿ. ಎರಡು ವರ್ಷ ಕಾಯೋಣ ಅಂದರೆ ಅವನನ್ನ ಬೆಂಗಳೂರಿನ ಯಾವುದಾದರೂ ದೊಡ್ಡ ಟೀಮ್ ಎತ್ತಿಕೊಂಡು ಹೋಗುತ್ತದೆ. ಆಮೇಲೆ ರೆಡಿ ಆಗಿ ಏನು ಮಾಡೋಣ? ಕೊಡಗು ಎಫ್‌ಸಿ, ರಿಯಲ್ ಚಿಕ್ಕಮಗಳೂರು ಬೆಂಗಳೂರು ಲೀಗಿನ ಎಲ್ಲಕ್ಕಿಂತ ಮೇಲಿನ ಸೂಪರ್ ಡಿವಿಷನ್‌ವರೆಗೆ ಬಂದು ಆಡಿಲ್ವಾ? ಅವರಿಗೆ ಬೆಂಗಳೂರು ನಮಗಿಂತ ಎಷ್ಟೋ ದೂರ. ನಮಗೆ ಮನೆ ಬಾಗಿಲಿಂದಲೇ ರೈಲು ಇದೆ.

ಸ್ಟಾಪರ್ ಬ್ಯಾಕ್

ಟೀಮಲ್ಲಿ ಆಡುವವನು ನಾನು, ಅದಕ್ಕೆ ಬರೀತಿದ್ದೀನಿ. ಹೆಸರು ಬೇಡ, ಗೊತ್ತಿರೋರಿಗೆ ಗೊತ್ತು.

ತಮ್ಮಾ, ರೈಲು ಇದೆ ಅಂದೆಯಲ್ಲ. ನೈಟ್ ಶಿಫ್ಟ್ ಮುಗಿಸಿ ಬೆಳಗ್ಗೆ ಕಂಪನಿ ಬಸ್ಸಿಂದ ಇಳಿದು, ಮುಖ ತೊಳೆದು, ಬ್ಯಾಗ್ ಎತ್ತಿಕೊಂಡು ಆ ರೈಲು ಹತ್ತಿ ನೋಡು. ಮಾರಿಕುಪ್ಪಂನಲ್ಲೇ ಹತ್ತಿದರೆ ಸೀಟು ಸಿಗುತ್ತೆ. ನಾವು ಕೆಲವರು ಬಂಗಾರಪೇಟೆಯಲ್ಲಿ ಹತ್ತುವವರು. ಅಲ್ಲಿಂದ ಬೆಂಗಳೂರುವರೆಗೆ ಬಾಗಿಲ ಹತ್ತಿರ ನಿಂತೇ ಹೋಗಬೇಕು. ಇಳಿದ ಮೇಲೆ ಆಟೋ, ಆಮೇಲೆ ಅಶೋಕನಗರದ ಸ್ಟೇಡಿಯಂ. ವಾರ್ಮ್‌ಅಪ್‌ಗೆ ಇಳಿಯುವಾಗಲೇ ತೊಡೆ ಕಲ್ಲಿನ ಹಾಗೆ ಬಿಗಿದಿರುತ್ತೆ.

ರಜೆ ಕೇಳೋದು ಇನ್ನೊಂದು ಪಾಡು. ನಮ್ಮಲ್ಲಿ ಅರ್ಧ ಜನ ಕಾಂಟ್ರಾಕ್ಟ್ ಮೇಲೆ ಇದ್ದಾರೆ. ರಜೆ ಹಾಕಿದರೆ ಆ ದಿನದ ಸಂಬಳ ಹೋಯಿತು. ಪೂರ್ತಿ ಹಾಜರಿಗೆ ಅಂತ ಕೊಡುವ ದುಡ್ಡೂ ಹೋಗುತ್ತೆ. ಸೂಪರ್‌ವೈಸರ್ ಒಂದು ಸಲ ನಕ್ಕು ಬಿಡುತ್ತಾರೆ, ಎರಡನೇ ಸಲ ಮುಖ ಗಂಟು ಹಾಕುತ್ತಾರೆ, ಆಮೇಲೆ ನಾಳೆಯಿಂದ ಬರಬೇಡ ಅಂತಾರೆ. ಅವರದ್ದೂ ತಪ್ಪಲ್ಲ, ಲೈನ್ ನಿಲ್ಲಬಾರದಲ್ಲ.

ಮೇಲೆ ಆಡಬೇಕು ಅನ್ನೋ ಆಸೆ ನಿನಗಿಂತ ನನಗೇ ಜಾಸ್ತಿ. ಚಿಕ್ಕಂದಿನಿಂದ ಇದಕ್ಕೇ ಬದುಕಿದ್ದೀನಿ. ಆದರೆ ಶಿಫ್ಟ್ ಬದಲಾಯಿಸಿಕೊಳ್ಳೋಕೆ ಪಂದ್ಯದ ದಿನಾಂಕ ಮುಂಚೆಯೇ ಗೊತ್ತಾಗಬೇಕು. ನಮಗೆ ಎಷ್ಟೋ ಸಲ ಹಿಂದಿನ ದಿನ ಸಂಜೆ ಮೆಸೇಜ್ ಬರುತ್ತೆ. ಫಿಕ್ಸ್ಚರ್, ಅಂದರೆ ಪಂದ್ಯದ ಪಟ್ಟಿ, ಬಂದ ಕೂಡಲೇ ಗ್ರೂಪಿಗೆ ಹಾಕೋಕೆ ಒಬ್ಬರನ್ನ ನೇಮಿಸಿ. ಅಷ್ಟೇ ಮಾಡಿದರೂ ಇಬ್ಬರು ಮೂವರು ಜಾಸ್ತಿ ಬರುತ್ತಾರೆ.

ಲೆಕ್ಕದ ಪುಸ್ತಕ

ದುಡ್ಡಿನ ಮಾತು ಯಾರಾದರೂ ಎತ್ತಲೇಬೇಕು. ನಾನೇ ಎತ್ತುತ್ತೇನೆ.

ಐಜ್ವಾಲ್ ಕಥೆ ಎಲ್ಲರಿಗೂ ಇಷ್ಟ. ಇಂಗ್ಲೆಂಡಿನ "ಬರಿ" (Bury) ಅನ್ನೋ ಕ್ಲಬ್ಬಿನ ಕಥೆಯೂ ಗೊತ್ತಿರಲಿ. 1885ರಲ್ಲಿ ಶುರುವಾದ ಕ್ಲಬ್, ಎರಡು ಸಲ ಎಫ್‌ಎ ಕಪ್ ಗೆದ್ದವರು. 2019ರಲ್ಲಿ ಮೈದಾನದಲ್ಲಿ ಚೆನ್ನಾಗಿ ಆಡಿ ಅಲ್ಲಿನ ಮೂರನೇ ಹಂತದ ಲೀಗ್ ಒನ್‌ಗೆ ಬಡ್ತಿ ಪಡೆದರು. ಆ ಹೊತ್ತಿಗೆ ಆಟಗಾರರಿಗೆ ಸಂಬಳ ಕೊಡೋಕೂ ಕ್ಲಬ್ಬಿನಲ್ಲಿ ಹಣ ಇರಲಿಲ್ಲ. ಸಾಲ ತೀರಿಸುವ ದಾರಿ ತೋರಿಸಲು ಆಗಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಅವರನ್ನ ಲೀಗಿಂದಲೇ ಹೊರಗೆ ಹಾಕಿದರು. ಹೊಸ ಡಿವಿಷನ್‌ನಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಕಾಲಲ್ಲಿ ಗೆದ್ದಿದ್ದನ್ನ ಕಚೇರಿಯಲ್ಲಿ ಕಳೆದುಕೊಂಡರು.

ನಮ್ಮ ಪರಿಸ್ಥಿತಿ ಅಷ್ಟು ಕೆಟ್ಟದ್ದಲ್ಲ, ಸಾಲ ಇಲ್ಲ. ಆದರೆ ಕೈಯಲ್ಲಿ ಏನೂ ಇಲ್ಲ ಅನ್ನೋದೂ ನಿಜ. ಈಗ ನಡೀತಿರೋದು ಹೇಗೆ? ರೈಲು ಚಾರ್ಜು ಅವರವರದ್ದೇ. ಊಟಕ್ಕೆ ಆವತ್ತು ಯಾರ ಜೇಬಲ್ಲಿ ಇರುತ್ತೋ ಅವರು ಕೊಡುತ್ತಾರೆ. ಬಾಲ್ ಕೊಟ್ಟವರು ಒಬ್ಬ ಅಂಗಡಿಯವರು. ಗಣೇಶ ಹಬ್ಬದ ಹೊತ್ತಿಗೆ ಸ್ವಲ್ಪ ಚಂದಾ ಬರುತ್ತೆ. ಯಾರು ಎಷ್ಟು ಕೊಟ್ಟರು ಅನ್ನೋದು ಬರೆದಿಟ್ಟಿಲ್ಲ. ಕ್ಲಬ್ ಹೆಸರಲ್ಲಿ ಬ್ಯಾಂಕ್ ಖಾತೆ ಇದೆ, ಆದರೆ ಅದರಲ್ಲಿ ವ್ಯವಹಾರ ನಡೆಯಲ್ಲ. ಸ್ಪಾನ್ಸರ್ ಬಂದು ಲೆಕ್ಕ ತೋರಿಸಿ ಅಂದರೆ ಏನು ತೋರಿಸೋಣ?

ಮುಂದೆ ಇನ್ನೂ ಮೇಲೆ ಹೋಗುವ ಕನಸಿದ್ದರೆ ಇದನ್ನ ತಪ್ಪಿಸಿಕೊಳ್ಳೋಕೆ ಆಗಲ್ಲ. ರಾಷ್ಟ್ರೀಯ ಲೀಗ್ ಮಟ್ಟದಲ್ಲಿ ಕ್ಲಬ್ ಲೈಸೆನ್ಸ್ ಕೊಡುವಾಗ ಆಟ, ಮೈದಾನ, ಸಿಬ್ಬಂದಿ, ಕಾನೂನು, ಹಣಕಾಸು ಅಂತ ಐದು ಕಡೆಯಿಂದ ನೋಡುತ್ತಾರೆ. ಗೋಲು ಹೊಡೆಯೋದು ಅದರಲ್ಲಿ ಒಂದು ಪಾಲು ಮಾತ್ರ. ಅಷ್ಟು ದೂರದ್ದು ಈಗ ಬೇಡ. ಒಂದು ಲೆಕ್ಕದ ಬುಕ್ಕು, ಒಂದು ರಶೀದಿ ಪುಸ್ತಕ, ಇಬ್ಬರ ಸಹಿ. ಇದನ್ನ ಈ ತಿಂಗಳೇ ಶುರು ಮಾಡಬಹುದು. ಬರೆಯುವ ಕೆಲಸ ನಾನು ಮಾಡುತ್ತೇನೆ.

ಆಂಡರ್ಸನ್‌ಪೇಟೆ ಹಿರಿಯ

ಮಕ್ಕಳೇ, ಓದಿದೆ. ಒಂದೆರಡು ಮಾತು.

ಗಣಿ ಇದ್ದಾಗಲೂ ಇಲ್ಲಿ ಆಡುತ್ತಿದ್ದವರು ಶಿಫ್ಟ್ ಕೆಲಸದವರೇ. ನಾನೂ ಗಣಿಯಲ್ಲಿ ಇದ್ದವನೇ. ಸೈರನ್ ಕೂಗಿದರೆ ಇಳಿಯಬೇಕು, ಇನ್ನೊಂದು ಸೈರನ್‌ಗೆ ಮೇಲೆ ಬರಬೇಕು. ಮೇಲೆ ಬಂದವರು ಮೈ ತೊಳೆದು ನೇರ ಗ್ರೌಂಡಿಗೆ ಬರುತ್ತಿದ್ದರು. ವ್ಯತ್ಯಾಸ ಏನು ಗೊತ್ತಾ? ಕೆಲಸ, ಮನೆ, ಮೈದಾನ ಎಲ್ಲ ಕಾಲ್ನಡಿಗೆಯ ದೂರದಲ್ಲಿತ್ತು. ಲೈನ್ ಮನೆಗಳಿಂದ ಹುಡುಗರು ಬರಿಗಾಲಲ್ಲಿ ಓಡಿ ಬರುತ್ತಿದ್ದರು. ಕೆಲಸ ಕೊಟ್ಟವರೇ ಆಟ ನೋಡೋಕೂ ಬರುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸಂಬಳದ ಜೊತೆಗೆ ಆ ವ್ಯವಸ್ಥೆಯೂ ಹೋಯಿತು. ಅವತ್ತಿನಿಂದ ಈ ಊರಿನ ಹುಡುಗರು ಕೆಲಸಕ್ಕೆ ರೈಲು ಹತ್ತುತ್ತಿದ್ದಾರೆ. ಆಟಕ್ಕೂ ಅದೇ ರೈಲು.

ಅದಕ್ಕೆ, ವಾರದ ದಿನ ಜನ ಬರಲ್ಲ ಅಂತ ಹುಡುಗರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವರಿಗೆ ಮನಸ್ಸಿಲ್ಲದೆ ಅಲ್ಲ. ಕೆಲಸ ಕೊಡುವವರ ಹತ್ತಿರ ಕ್ಲಬ್ಬಿನ ದೊಡ್ಡವರು ಹೋಗಿ ಮಾತಾಡಬೇಕು. ಲೆಟರ್‌ಹೆಡ್ ಮೇಲೆ ಬರೆದು, ಪಂದ್ಯದ ಪಟ್ಟಿ ಇಟ್ಟು, "ಈ ಹುಡುಗನಿಗೆ ಇಂಥ ದಿನ ಶಿಫ್ಟ್ ಬದಲಾಯಿಸಿ ಕೊಡಿ" ಅಂತ ಕೇಳಬೇಕು. ಹುಡುಗ ಒಬ್ಬನೇ ಹೋಗಿ ಕೇಳಿದರೆ ರಜೆಗೆ ನೆಪ ಅನ್ನುತ್ತಾರೆ. ಊರು ಕೇಳಿದರೆ ಯೋಚನೆ ಮಾಡುತ್ತಾರೆ. ಕರೆದರೆ ನಾನೂ ಬರುತ್ತೇನೆ.

ಬೆಂಗಳೂರಲ್ಲಿರೋ ಕೋಲಾರದವನು

ಮೇಲಿನ ಡಿವಿಷನ್ ಪಂದ್ಯಗಳನ್ನ ಆಗಾಗ ನೋಡುತ್ತೇನೆ. ಆಟದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಹೇಳುತ್ತೇನೆ.

ನಮ್ಮ ಹುಡುಗರಲ್ಲಿ ಸ್ಪೀಡ್ ಇದೆ, ಧೈರ್ಯ ಇದೆ. ಮೊದಲ ಅರ್ಧ ಗಂಟೆ ಯಾವ ಟೀಮಿಗಾದರೂ ಸರಿಸಮ ಆಡುತ್ತಾರೆ. ಕಷ್ಟ ಬರೋದು ಟರ್ಫ್ ಮೇಲೆ, ಅಂದರೆ ಕೃತಕ ಹುಲ್ಲಿನ ಮೈದಾನದಲ್ಲಿ, ಕೊನೆಯ ಇಪ್ಪತ್ತು ನಿಮಿಷದಲ್ಲಿ. ನಾವು ಪ್ರಾಕ್ಟೀಸ್ ಮಾಡೋದು ಕೆಂಪು ಮಣ್ಣಿನ ನೆಲದಲ್ಲಿ. ಅಲ್ಲಿ ಬಾಲ್ ಎಲ್ಲೆಂದರಲ್ಲಿ ಪುಟಿಯುತ್ತೆ. ಅದಕ್ಕೆ ನಮ್ಮವರು ಬಾಲನ್ನ ಮೊದಲು ಎದೆಯಲ್ಲೋ ತೊಡೆಯಲ್ಲೋ ನಿಲ್ಲಿಸಿ, ಆಮೇಲೆ ತಲೆ ಎತ್ತಿ ನೋಡುತ್ತಾರೆ. ಟರ್ಫಲ್ಲಿ ಬಾಲ್ ನೆಲಕ್ಕೆ ಅಂಟಿಕೊಂಡ ಹಾಗೆ ಜಾರಿಕೊಂಡು ಬರುತ್ತೆ. ಅಲ್ಲಿ ಬೆಳೆದ ಹುಡುಗರು ಒಂದೇ ಟಚ್‌ನಲ್ಲಿ ಮುಂದಕ್ಕೆ ಕೊಟ್ಟುಬಿಡುತ್ತಾರೆ. ನಾವು ಎರಡನೇ ಟಚ್‌ಗೆ ಹೋಗೋ ಹೊತ್ತಿಗೆ ಮೈಮೇಲೆ ಇಬ್ಬರು ಇರುತ್ತಾರೆ.

ಬೂಟಿನ ವಿಷಯವೂ ಇದೆ. ಉದ್ದ ಸ್ಟಡ್ ಇರುವ ಬೂಟು ಟರ್ಫಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಪಾದ ಅಲ್ಲೇ, ಮೊಣಕಾಲು ಮಾತ್ರ ತಿರುಗುತ್ತೆ. ಅದು ಅಪಾಯ. ಬಿಸಿಲಿಗೆ ಟರ್ಫಲ್ಲಿ ಹಾಕಿರುವ ಕಪ್ಪು ರಬ್ಬರ್ ಪುಡಿ ಕಾದು ಬೂಟಿನೊಳಗೆ ಪಾದ ಸುಡುತ್ತೆ. ಅಭ್ಯಾಸ ಇಲ್ಲದವರಿಗೆ ಅಲ್ಲೇ ಅರ್ಧ ಶಕ್ತಿ ಹೋಗುತ್ತೆ. ಸೀಸನ್‌ಗೆ ಮುಂಚೆ ಕೆಲವು ದಿನವಾದರೂ ಟರ್ಫ್ ಬಾಡಿಗೆಗೆ ತಗೊಂಡು ಆಡಿಸಲೇಬೇಕು. ಚಿಕ್ಕ ಟರ್ಫ್ ಆದರೂ ಪರವಾಗಿಲ್ಲ, ಪಾಸಿಂಗ್ ಅಭ್ಯಾಸ ಆಗುತ್ತೆ.

ಇನ್ನೊಂದು ಮಾತು. ನಮ್ಮ ರಾಜ್ಯದ್ದೇ ಎಸ್‌ಸಿ ಬೆಂಗಳೂರು ಟೀಮು 2023-24ರಲ್ಲಿ ಐ-ಲೀಗ್ 2 ಗೆದ್ದು ಐ-ಲೀಗ್‌ಗೆ ಏರಿತು. ಒಂದೇ ಸೀಸನ್ನಿಗೆ ಮತ್ತೆ ಕೆಳಗೆ ಬಂತು. ರಾಜಧಾನಿಯ ಟೀಮಿಗೇ ಹಾಗಾಯಿತು. ಒಂದು ಮೆಟ್ಟಿಲಿಗೂ ಮುಂದಿನದಕ್ಕೂ ನಡುವೆ ಅಷ್ಟು ಅಂತರ ಇರುತ್ತೆ.

ಮುಳಬಾಗಿಲು ಪಿಟಿ ಮೇಷ್ಟ್ರು

ಟರ್ಫ್ ಬಗ್ಗೆ ಬರೆದವರು ಸರಿಯಾಗಿ ಹೇಳಿದ್ದಾರೆ. ಅದಕ್ಕೆ ಸ್ವಲ್ಪ ಸೇರಿಸುತ್ತೇನೆ.

ನಮ್ಮ ಕಡೆ ಟೂರ್ನಮೆಂಟ್‌ಗಳು ಹೇಗೆ ನಡೆಯುತ್ತವೆ ನೋಡಿ. ಟೀಮಿಗೆ ಏಳೇ ಜನರ ಸೆವೆನ್ಸ್ ಆಟ, ಅರ್ಧ ಗಂಟೆಗೊಂದು ಹಾಫ್, ಒಂದೇ ದಿನ ಎರಡು ಪಂದ್ಯ. ಹುಡುಗರಿಗೆ ಜೋರಾಗಿ ಓಡಿ ನಿಲ್ಲೋದು ಗೊತ್ತು, ತೊಂಬತ್ತು ನಿಮಿಷಕ್ಕೆ ಉಸಿರು ಹಂಚಿಕೊಳ್ಳೋದು ಗೊತ್ತಿಲ್ಲ. ಡಿಫೆಂಡರ್‌ಗಳು ಮುಂದೆ ಹೋದವರು ವಾಪಸ್ ಬರಲ್ಲ, ಯಾಕೆಂದರೆ ಸೆವೆನ್ಸ್‌ನಲ್ಲಿ ಮೈದಾನ ಚಿಕ್ಕದು. ಇದು ಹುಡುಗರ ಕೊರತೆ ಅಲ್ಲ, ಅವರು ಆಡಿ ಬೆಳೆದ ಆಟವೇ ಹಾಗೆ. ಕಲಿಸಿದರೆ ಬರುತ್ತೆ. ಅದಕ್ಕೆ ವಾರಕ್ಕೆ ಒಂದು ದಿನವಾದರೂ ಪೂರ್ತಿ ಗ್ರೌಂಡಲ್ಲಿ ಹನ್ನೊಂದು ಹನ್ನೊಂದು ಜನ ಆಡಬೇಕು. ಇಪ್ಪತ್ತೆರಡು ಜನ ಎಲ್ಲಿ ಸಿಗುತ್ತಾರೆ ಅಂದಿರಾ? ಅಲ್ಲಿಗೇ ಬರುತ್ತಿದ್ದೇನೆ.

ಕ್ಲಬ್ಬಿಗೆ ಜೂನಿಯರ್ ಟೀಮ್ ಇಲ್ಲ. ಇದು ನನಗೆ ತುಂಬಾ ನೋವಿನ ವಿಷಯ. ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರ, ಎಲ್ಲ ಕಡೆ ಹೈಸ್ಕೂಲ್ ಮಕ್ಕಳು ಆಡುತ್ತಾರೆ. ಎಸ್ಸೆಸ್ಸೆಲ್ಸಿ ಬಂದ ಕೂಡಲೇ ನಿಲ್ಲಿಸುತ್ತಾರೆ. ಯಾಕೆ? ಮುಂದೆ ಎಲ್ಲಿ ಆಡೋದು ಅಂತ ಗೊತ್ತಿಲ್ಲ. ಹದಿನಾರು ಹದಿನೇಳರ ಹುಡುಗರನ್ನ ಈಗಲೇ ಸೇರಿಸಿಕೊಂಡರೆ ನಿಮಗೆ ಪ್ರಾಕ್ಟೀಸ್‌ಗೆ ಎದುರು ಟೀಮ್ ಸಿಕ್ಕಿತು, ವಾರದ ದಿನ ಬೆಂಚ್ ತುಂಬಿತು. ಅವರಿಗೆ ಶಿಫ್ಟ್ ಇಲ್ಲ. ಕಾಲೇಜಿಗೆ ಒಂದು ಪತ್ರ ಕೊಟ್ಟರೆ ಅಟೆಂಡೆನ್ಸ್ ಕೊಡುವ ಪ್ರಿನ್ಸಿಪಾಲರು ಇದ್ದಾರೆ. ಮಂಗಳವಾರದ ಪ್ರಶ್ನೆಗೆ ನನ್ನ ಉತ್ತರ ಈ ಮಕ್ಕಳೇ.

ಆದರೆ ಅವರನ್ನ ಸುಮ್ನೆ ಸಂಖ್ಯೆ ತುಂಬಿಸೋಕೆ ಕರೆಯಬೇಡಿ. ದೊಡ್ಡವರ ಜೊತೆ ಏಕಾಏಕಿ ತೊಂಬತ್ತು ನಿಮಿಷ ಇಳಿಸಿದರೆ ಮೊಣಕಾಲು ಹೋಗುತ್ತೆ, ಆಟವೂ ಹೋಗುತ್ತೆ. ಕೊನೆಯ ಇಪ್ಪತ್ತು ನಿಮಿಷದಿಂದ ಶುರು ಮಾಡಿ. ರಿಜಿಸ್ಟ್ರೇಷನ್ ಈಗ ಎಲ್ಲ ಆನ್‌ಲೈನ್, ದೇಶದ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್‌ನ ಆಟಗಾರರ ನೋಂದಣಿ ವ್ಯವಸ್ಥೆಯಾದ ಸಿಆರ್‌ಎಸ್‌ನಲ್ಲಿ ಹೆಸರು ಇರಬೇಕು. ವಯಸ್ಸಿನ ದಾಖಲೆ ಸರಿ ಇರಬೇಕು. ಶಾಲೆಯಲ್ಲಿ ಒಂದು ಹುಟ್ಟಿದ ದಿನಾಂಕ, ಆಧಾರ್‌ನಲ್ಲಿ ಇನ್ನೊಂದು ಇರುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟು. ಅದನ್ನ ಸರಿ ಮಾಡಿಸೋಕೆ ಸಮಯ ಹಿಡಿಯುತ್ತೆ. ಸೀಸನ್ ಬಾಗಿಲಿಗೆ ಬಂದಾಗ ಓಡಾಡಿದರೆ ಆಗಲ್ಲ.

ಕೋಚ್ ಬಗ್ಗೆ ಒಂದು ಮಾತು. ಅವರು ಇಷ್ಟು ವರ್ಷ ಒಂದು ರೂಪಾಯಿ ಮುಟ್ಟದೆ ಕಲಿಸಿದ್ದಾರೆ. ಅವರನ್ನ ಕೋಚ್‌ಗಳ ಡಿ ಲೈಸೆನ್ಸ್ ಕೋರ್ಸಿಗೆ ಕ್ಲಬ್ ತನ್ನ ಖರ್ಚಲ್ಲಿ ಕಳಿಸಬೇಕು. ಹೊಸ ಜೆರ್ಸಿಗಿಂತ ಮೊದಲು ಅದು.

ಕೀಪರ್ ಅಮ್ಮ

ನನ್ನ ಮಗ ಟೀಮಿನ ಕೀಪರ್. ಫೋನಲ್ಲಿ ಬರೆದು ಅಭ್ಯಾಸ ಕಡಿಮೆ, ತಪ್ಪಿದ್ದರೆ ಹೊಂದಿಸಿಕೊಳ್ಳಿ.

ಹೋದ ವರ್ಷ ಅವನಿಗೆ ಭುಜಕ್ಕೆ ಪೆಟ್ಟಾದಾಗ ಮೈದಾನದಲ್ಲಿ ಐಸ್ ಕೂಡ ಇರಲಿಲ್ಲ. ಹುಡುಗರು ಎದುರಿನ ಜ್ಯೂಸ್ ಅಂಗಡಿಗೆ ಓಡಿ ತಂದರು. ಆಸ್ಪತ್ರೆಗೆ ಸೇರಿಸಿದ್ದೂ ಹುಡುಗರೇ, ಅವರ ಋಣ ಮರೆಯಲ್ಲ. ಆದರೆ ಬಿಲ್ ನಾವೇ ಕಟ್ಟಿದೆವು, ಎಷ್ಟೋ ದಿನ ಕೆಲಸಕ್ಕೂ ಹೋಗಲಿಲ್ಲ. ಅವನ ಸಂಬಳದಲ್ಲೇ ತಂಗಿಯ ಕಾಲೇಜು ನಡೀಬೇಕು.

ನೀವೆಲ್ಲ ಮೇಲೆ ಹೋಗೋಣ ಅಂತೀರಿ. ಹೋಗಲಿ, ನನಗೂ ಅವನನ್ನ ದೊಡ್ಡ ಸ್ಟೇಡಿಯಂನಲ್ಲಿ ನೋಡುವ ಆಸೆ ಇದೆ. ಅಲ್ಲಿ ಇನ್ನೂ ಜೋರಾಗಿ ಬಂದು ಗುದ್ದುತ್ತಾರೆ ಅಲ್ವಾ? ಪೆಟ್ಟಾದರೆ ಯಾರು ನೋಡಿಕೊಳ್ಳುತ್ತಾರೆ ಅಂತ ತಾಯಂದಿರಿಗೆ ಹೇಳಿ. ಆಮೇಲೆ ನಾವೇ ಬುತ್ತಿ ಕಟ್ಟಿ ಕಳಿಸುತ್ತೇವೆ.

ರಾಬರ್ಟ್‌ಸನ್‌ಪೇಟೆ ಹತ್ತು

ಅಮ್ಮಾ, ನೀವು ಬರೆದಿದ್ದು ಓದಿ ಸುಮ್ಮನಾದೆ. ಇದು ಎಲ್ಲದಕ್ಕಿಂತ ಮೊದಲು ಆಗಬೇಕು. ಫಸ್ಟ್ ಏಡ್ ಬಾಕ್ಸು, ಐಸ್ ಬಾಕ್ಸು ನಮ್ಮ ಬೀದಿಯ ಹುಡುಗರು ಕೊಡಿಸುತ್ತೇವೆ. ಇನ್ಶೂರೆನ್ಸ್ ಬಗ್ಗೆ ತಿಳಿದವರು ಯಾರಾದರೂ ಹೇಳಿ.

ಆದರೂ ನನ್ನ ಮಾತು ಬಿಡಲ್ಲ. ಇದೆಲ್ಲ ಆಗೋವರೆಗೆ ಬಡ್ತಿ ಬೇಡ ಅನ್ನಬೇಡಿ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಾಗ ನಾವು ಬೀದಿಯಲ್ಲಿ ಕುಣಿದೆವು. 54 ವರ್ಷದ ಮೇಲೆ ಬಂದ ಕಪ್ ಅದು. ಆ ಟೀಮಿಗೆ ನಮ್ಮ ಜಿಲ್ಲೆಯ ಹುಡುಗ ಹೋಗಬೇಕು ಅಂದರೆ ಆಯ್ಕೆ ಮಾಡುವವರ ಕಣ್ಣಿಗೆ ಬೀಳಬೇಕು. ಕೆಳಗಿನ ಡಿವಿಷನ್‌ನಲ್ಲಿ ಯಾರು ಬಂದು ನೋಡುತ್ತಾರೆ?

ಮಾರಿಕುಪ್ಪಂ ಲೋಕಲ್

ಎಲ್ಲರ ಮಾತನ್ನೂ ನಿಧಾನವಾಗಿ ಓದಿದೆ.

ತಮ್ಮಾ, ಬಡ್ತಿ ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಹುಡುಗರು ಬೆವರು ಸುರಿಸಿ ಗೆದ್ದಿದ್ದನ್ನ ವಾಪಸ್ ಕೊಡುವ ಹಕ್ಕು ನಮಗಿಲ್ಲ. ಉಳಿದ ಪಂದ್ಯಗಳನ್ನ ಗೆಲ್ಲೋಕೇ ಆಡೋಣ. ಆದರೆ ಗೆದ್ದ ರಾತ್ರಿ ಮೆರವಣಿಗೆ ಮಾಡಿ, ಸೀಸನ್ ಶುರುವಾಗುವ ಹಿಂದಿನ ವಾರ ಎದ್ದು ಕೂರೋದು ಬೇಡ. ಇಂಗ್ಲೆಂಡಿನ ಲೂಟನ್ ಟೌನ್ 2023ರಲ್ಲಿ ಪ್ರೀಮಿಯರ್ ಲೀಗ್‌ಗೆ ಬಂದಾಗ ಸ್ಟ್ಯಾಂಡ್ ಕೆಲಸ ಮುಗಿಯದೆ ತವರಿನ ಮೊದಲ ಪಂದ್ಯವನ್ನೇ ಮುಂದಕ್ಕೆ ಹಾಕಬೇಕಾಯಿತು. ಅಷ್ಟು ದುಡ್ಡಿರುವ ಜಾಗದಲ್ಲೇ ಹಾಗಾಗುತ್ತೆ. ನಮಗೆ ಇರುವ ತಿಂಗಳುಗಳು ಕಡಿಮೆ.

ಲೆಕ್ಕದ ಪುಸ್ತಕದವರು ಬರೆಯಲು ಒಪ್ಪಿದ್ದಾರೆ, ಅದು ಆಯಿತು ಅಂತಲೇ ತಿಳಿಯಿರಿ. ಹಿರಿಯರೇ, ಫ್ಯಾಕ್ಟರಿಗಳಿಗೆ ಹೋಗುವಾಗ ನಿಮ್ಮನ್ನ ಕರೆದುಕೊಂಡೇ ಹೋಗುತ್ತೇವೆ. ನೀವು ಮುಂದೆ ಕೂತರೆ ಮಾತಿಗೆ ತೂಕ ಬರುತ್ತೆ. ಫಿಕ್ಸ್ಚರ್ ಹಾಕುವ ಕೆಲಸ ಇವತ್ತಿನಿಂದ ನನ್ನದು. ಸ್ಟಾಪರ್, ನೀನು ಎಲ್ಲರ ಶಿಫ್ಟ್ ಪಟ್ಟಿ ತಂದುಕೊಡು. ಯಾವ ವಾರ ಯಾರಿಗೆ ಯಾವ ಶಿಫ್ಟ್ ಅಂತ ಒಂದೇ ಹಾಳೆಯಲ್ಲಿ ಇರಲಿ. ಆಗ ಮಂಗಳವಾರಕ್ಕೆ ಯಾರು ಸಿಗುತ್ತಾರೆ ಅನ್ನೋದು ಕಣ್ಣಿಗೆ ಕಾಣುತ್ತೆ.

ಅಮ್ಮ, ನಿಮ್ಮ ಪ್ರಶ್ನೆಗೆ ಈಗಲೇ ಉತ್ತರ ಕೊಡುವ ಶಕ್ತಿ ಕ್ಲಬ್ಬಿಗಿಲ್ಲ. ಮೊದಲು ಬರುವ ದುಡ್ಡನ್ನ ಹುಡುಗರ ಇನ್ಶೂರೆನ್ಸ್‌ಗೆ ಇಡಬೇಕು ಅಂತ ಮೀಟಿಂಗಲ್ಲಿ ನಾನೇ ಎತ್ತುತ್ತೇನೆ. ಅದಕ್ಕೆ ಒಪ್ಪಿಗೆ ಸಿಗೋವರೆಗೆ ಜೆರ್ಸಿ ಮಾತು ತೆಗೆಯಲು ಬಿಡಲ್ಲ. ನೀವೂ ಮೀಟಿಂಗ್‌ಗೆ ಬನ್ನಿ, ಬೇರೆ ತಾಯಂದಿರನ್ನೂ ಕರೆತನ್ನಿ.

ಭಾನುವಾರ ಬೆಳಗ್ಗೆ ಪ್ರಾಕ್ಟೀಸ್ ಮುಗಿದ ಮೇಲೆ ಗ್ರೌಂಡಲ್ಲೇ ಸೇರೋಣ.

ಸ್ಟಾಪರ್ ಬ್ಯಾಕ್

ಪಟ್ಟಿ ತರುತ್ತೀನಿ ಅಣ್ಣ. ಇಬ್ಬರು ಮುಂದಿನ ತಿಂಗಳಿಂದ ಜನರಲ್ ಶಿಫ್ಟ್‌ಗೆ ಹೋಗುತ್ತಿದ್ದಾರೆ, ಅವರು ವಾರದ ದಿನ ಕಷ್ಟವೇ. ಲೆಫ್ಟ್ ಬ್ಯಾಕ್‌ಗೆ ಈಗಿಂದಲೇ ಒಬ್ಬ ಹುಡುಗನನ್ನ ನೋಡಿ.

ಮುಳಬಾಗಿಲು ಪಿಟಿ ಮೇಷ್ಟ್ರು

ಎಡಗಾಲಿನ ಹುಡುಗ ಒಬ್ಬ ಇದ್ದಾನೆ, ಫಸ್ಟ್ ಪಿಯುಸಿ. ಕ್ರಾಸ್ ಚೆನ್ನಾಗಿ ಹಾಕುತ್ತಾನೆ, ಟ್ಯಾಕಲ್ ಕಲಿಸಬೇಕು. ಅವರ ತಂದೆ ಹತ್ತಿರ ಇವತ್ತು ಸಂಜೆ ಮಾತಾಡುತ್ತೇನೆ. ಒಪ್ಪಿದರೆ ಭಾನುವಾರ ದಾಖಲೆಗಳ ಸಮೇತ ಕರೆದುಕೊಂಡು ಬರುತ್ತೇನೆ.